ಎಳೆ ಚಂದ್ರನ ಸಿಂಹ

ಇಲಾರಿಯೊ ಕೂತು ಉಂಡದ್ದನ್ನು ನೋಡಿದವರು ಲಾಚಿಬೀ ಊರಲ್ಲಿ ಕಡಿಮೆ. ಒಂದು ಕೈಯಲ್ಲಿ ಸುರುಳಿ ಸುತ್ತಿದ ರೊಟ್ಟಿ, ಇನ್ನೊಂದರಲ್ಲಿ ಚಾಕು. ಅಂಗಳದ ಈ ತುದಿಯಿಂದ ಆ ತುದಿಗೆ ನಡೆಯುವುದು, ನಡುವೆ ನಿಂತು ಅರ್ಧ ಕೆತ್ತಿದ ಯಾವುದೋ ಮರದ ಮೊಲದ ಕಿವಿಯಿಂದ ಒಂದು ಸಿಬಿರು ತೆಗೆಯುವುದು, ಮತ್ತೆ ಒಂದು ತುತ್ತು. ಮದುವೆಯಾದ ಹೊಸತರಲ್ಲಿ ಹೆಂಡತಿ ಒತೀಲಿಯಾ ಸಾರಿನ ಬಟ್ಟಲು ಹಿಡಿದು ಅವನ ಹಿಂದೆಯೇ ತಿರುಗುತ್ತಿದ್ದಳು. ಆಮೇಲೆ ಬಟ್ಟಲನ್ನು ಕಟ್ಟೆಯ ಮೇಲಿಟ್ಟು, "ಬಸ್ಸು ಈ ಕಡೆ ಬಂದಾಗ ಹತ್ತಿಸ್ಕೊಳ್ಳಲಿ" ಎಂದು ತನ್ನ ಬಣ್ಣದ ಕೆಲಸಕ್ಕೆ ಕೂತುಬಿಡುತ್ತಿದ್ದಳು.

ಅವನಿಗೆ ಕೆತ್ತನೆ ಕಲಿಸಿದವರು ಯಾರೂ ಇಲ್ಲ. ತಂದೆ ಸಬಾಸ್ ನೊಗ, ನೇಗಿಲು ಮಾಡುವವನು. ಅವನ ಪ್ರಕಾರ ಮರಕ್ಕೆ ಎರಡೇ ಗತಿ: ಎತ್ತಿನ ಹೆಗಲು, ಇಲ್ಲವೇ ಒಲೆ. ಇಲಾರಿಯೊಗೆ ಹನ್ನೊಂದು ವರ್ಷವಿದ್ದಾಗ, ಉಜ್ಜಿ ನಯ ಮಾಡು ಎಂದು ಕೊಟ್ಟ ನೊಗದ ತುದಿಗೆ ಅವನೊಂದು ಮುಖ ಕೆತ್ತಿಬಿಟ್ಟ. ಹೆಬ್ಬೆರಳಿನಷ್ಟು ಮುಖ, ಎರಡು ಕಣ್ಣು, ಒಂದು ಮೂಗು, ಬಾಯಿ ಸ್ವಲ್ಪ ತೆರೆದಿತ್ತು. ನೊಗ ಮಾಡಿಸಿದವನು ಅದನ್ನು ತಿರುಗಿಸಿ ನೋಡಿ, "ನನ್ನ ಎತ್ತು ಹೆದರುತ್ತೆ ಕಣಯ್ಯ" ಎಂದು ಬಿಟ್ಟು ಹೋದ. ಸಬಾಸ್ ಹೊಡೆಯಲಿಲ್ಲ, ಬೈಯಲೂ ಇಲ್ಲ. ನೊಗವನ್ನು ಗೋಡೆಗೆ ನೇತುಹಾಕಿದ, ಮುಖ ಗೋಡೆಯ ಕಡೆಗೆ. ಆ ದಿನದಿಂದ ಮಗನ ಕೈಗೆ ಉಳಿ ಕೊಡಲಿಲ್ಲ.

ಅವನು ಮಗನಿಗೆ ಹೇಳಿಕೊಟ್ಟದ್ದು ಒಂದೇ ಮಾತು. "ಮರ ಕಡಿಯೋದಾದ್ರೆ ಚಂದ್ರ ಇಳಿಯೋವಾಗ ಕಡಿ. ಎಳೇ ಚಂದ್ರನಲ್ಲಿ ಮರದ ತುಂಬ ನೀರಿರುತ್ತೆ. ನೀರಿದ್ದಲ್ಲಿ ಹುಳ." ಅದು ಆ ಕಣಿವೆಯಲ್ಲಿ ಮಕ್ಕಳಿಗೂ ಗೊತ್ತಿದ್ದ ಮಾತು.

ಉಳಿದದ್ದನ್ನು ಇಲಾರಿಯೊ ಮುರಿದು ಮುರಿದು ಕಲಿತ. ತುಂಡಾದ ಕುಡುಗೋಲಿನ ತುದಿಯನ್ನು ಕಲ್ಲಿಗೆ ಮಸೆದು ಚಾಕು ಮಾಡಿಕೊಂಡ. ಗುಡ್ಡದ ಕೊಪಾಲ್ ಮರದ ಕೊಂಬೆ ತಂದ. ಊರವರು ಅದರ ಅಂಟನ್ನು ಧೂಪಕ್ಕೆ ಹಾಕುತ್ತಾರೆ. ಹಸಿಯಿದ್ದಾಗ ಆ ಮರ ಸೌತೆಕಾಯಿಯಂತೆ ಕತ್ತರಿಸಲು ಬರುತ್ತದೆ, ಒಣಗಿದರೆ ಹಗುರಾಗಿ ಬಿಗಿಯುತ್ತದೆ. ಮೊದಲ ಕುದುರೆಯ ನಾಲ್ಕೂ ಕಾಲು ಮುರಿದವು. ಮರದ ಎಳೆಗೆ ಅಡ್ಡವಾಗಿ ಬಂದ ಕಾಲು ನಿಲ್ಲುವುದಿಲ್ಲ ಎಂದು ಹಾಗೆ ತಿಳಿಯಿತು. ಆಮೇಲೆ ಅವನು ಪ್ರಾಣಿಯನ್ನು ಮೊದಲು ಯೋಚಿಸುವುದನ್ನೇ ಬಿಟ್ಟ. ಕವಲೊಡೆದ ಕೊಂಬೆಗಳನ್ನು ನೋಡುತ್ತ ಗುಡ್ಡ ಸುತ್ತುವುದು, ಯಾವ ಕವಲಲ್ಲಿ ಯಾವ ಕಾಲು ಆಗಲೇ ಎದ್ದು ನಿಂತಿದೆ ಎಂದು ಹುಡುಕುವುದು. ಅಂಟಿಸಿದ ಬಾಲ, ಮೊಳೆ ಹೊಡೆದ ಕಿವಿ ಅವನ ಕೈಯಿಂದ ಎಂದೂ ಹೊರಬರಲಿಲ್ಲ. ಒಂದು ಪ್ರಾಣಿ ಎಂದರೆ ಒಂದೇ ಮರ.

ಮಂಗಳವಾರದ ಬಸ್ಸಿನಲ್ಲಿ ಪಟ್ಟಣದ ವ್ಯಾಪಾರಿ ಬರುತ್ತಿದ್ದ. ಒತೀಲಿಯಾ ಬಣ್ಣ ಹಚ್ಚಿದ ಕತ್ತೆಕಿರುಬ, ಆಡು, ಮೀಸೆಯ ಮೀನು, ಗಿಟಾರು ಹಿಡಿದ ಕಪ್ಪೆ, ಎಲ್ಲವನ್ನೂ ಹುಲ್ಲಿನಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬಿ ಒಯ್ಯುತ್ತಿದ್ದ. ಅವು ಯಾರ ಮನೆಯ ಯಾವ ಕಪಾಟಿನಲ್ಲಿ ನಿಲ್ಲುತ್ತವೋ ಇಲಾರಿಯೊಗೆ ತಿಳಿಯದು. ಐವತ್ತೆರಡನೆಯ ವಯಸ್ಸಿಗೆ ಒಂದು ದಿನ ಇಗರ್ಜಿಯ ಅಂಗಳದಲ್ಲಿ ಅಡ್ಡಾಡುತ್ತಿದ್ದಾಗ ಇಲಾರಿಯೊಗೆ ಥಟ್ಟನೆ ಹೊಳೆಯಿತು: ಸಾವಿರಗಟ್ಟಲೆ ಪ್ರಾಣಿ ಮಾಡಿದ್ದೇನೆ, ಈ ಊರಲ್ಲಿ ಒಂದೂ ಉಳಿದಿಲ್ಲ. ಉಳಿದದ್ದು ಗೋಡೆಗೆ ಮುಖ ಮಾಡಿದ ಆ ನೊಗ ಒಂದೇ.

ಆ ಯೋಚನೆ ಬಂದ ಮೇಲೆ ಅವನ ಕಾಲಿಗೆ ಇನ್ನಷ್ಟು ಚಕ್ರ ಬಂತು.

ಅದೇ ವರ್ಷದ ಜುಲೈಯಲ್ಲಿ ಊರ ಸಭೆ ಕೂಡಿತು. ಇಗರ್ಜಿಯಲ್ಲಿ ಊರ ಸಂತ ಹೆರೋನಿಮೊನ ಮೂರ್ತಿಯ ಪಾದದ ಬಳಿ ಮಲಗಿದ್ದ ಮರದ ಹಳೆಯ ಸಿಂಹವನ್ನು ಕುಟ್ಟೆ ಹುಳು ತಿಂದು ಮುಗಿಸಿತ್ತು. ಹಿಂದಿನ ಹಬ್ಬದ ಮೆರವಣಿಗೆಯಲ್ಲಿ ಅದರ ಒಂದು ಪಂಜ ಕಳಚಿ ದಾರಿಗೆ ಬಿದ್ದು, ನಾಯಿಯೊಂದು ಕಚ್ಚಿಕೊಂಡು ಓಡಿತ್ತು. ಈ ವರ್ಷದ ಹಬ್ಬದ ಹೊಣೆ ಹೊತ್ತಿದ್ದ ದೋನ್ ಎವರಿಸ್ತೊ, ಪಟ್ಟಣದಲ್ಲಿ ಓದಿ ಕಲಿತ ಶಿಲ್ಪಿಯೊಬ್ಬನಿಗೆ ಹೇಳೋಣ ಎಂದರು. ಎಲ್ಲರೂ ಬೆಂಚುಗಳ ಮೇಲೆ ಕೂತಿದ್ದರು. ಇಲಾರಿಯೊ ಎಂದಿನಂತೆ ಬಾಗಿಲ ಹತ್ತಿರ ನಿಂತಿದ್ದ.

"ನಾನು ಮಾಡ್ತೀನಿ" ಎಂದ.

"ನೀನು ಮೊಲ ಮಾಡೋನು ಕಣಪ್ಪ" ಎಂದಿತು ಒಂದು ದನಿ.

"ಸಿಂಹದ ಕೈಗೂ ಗಿಟಾರು ಕೊಡ್ತಾನೆ ನೋಡ್ತಿರಿ" ಎಂದಿತು ಇನ್ನೊಂದು.

"ಸಿಂಹಾನ ಯಾವತ್ತಾದ್ರೂ ಕಂಡಿದೀಯೇನೋ?"

"ಹಳೇದನ್ನ ಮಾಡಿದೋನು ಕಂಡಿದ್ನಾ? ಅದರ ಮುಖ ನಿಮ್ಮ ಅಜ್ಜನ ಥರಾನೇ ಇತ್ತಲ್ಲ!" ಎಂದ ಇಲಾರಿಯೊ.

ಸಭೆ ನಕ್ಕಿತು. ದೋನ್ ಎವರಿಸ್ತೊ ನಗಲಿಲ್ಲ. "ಇದು ಮಂಗಳವಾರದ ಬಸ್ಸಿಗೆ ಹೋಗೋದಲ್ಲ, ಇಲಾರಿಯೊ. ಇಲ್ಲೇ ನಿಲ್ಲೋದು. ನಮ್ಮ ಮೊಮ್ಮಕ್ಕಳ ಕಾಲಕ್ಕೂ ನಿಲ್ಲಬೇಕು" ಎಂದರು.

"ಅದಕ್ಕೇ ನಾನು ಮಾಡ್ತೀನಿ ಅಂದಿದ್ದು."

ಸೆಪ್ಟೆಂಬರ್ ಮೂವತ್ತಕ್ಕೆ ಹಬ್ಬ. ಎರಡು ತಿಂಗಳಿಗೂ ಮೇಲೆ ಸಮಯವಿತ್ತು. ಮರ ಹುಡುಕುವುದರಲ್ಲೇ ಅವನು ಒಂದು ತಿಂಗಳು ಕಳೆದ. ಗುಡ್ಡದ ಕೊಪಾಲ್ ಮರಗಳನ್ನೆಲ್ಲ ಸುತ್ತಿದ, ತಟ್ಟಿ ನೋಡಿದ, ಬೆನ್ನು ತಿರುಗಿಸಿ ಬಂದ. ಒಂದರಲ್ಲಿ ಹಸುವಿತ್ತು, ಇನ್ನೊಂದರಲ್ಲಿ ಮುದುಕಿಯೊಬ್ಬಳು ಬಾಗಿದ್ದಳು, ಸಿಂಹ ಯಾವುದರಲ್ಲೂ ಇರಲಿಲ್ಲ. ಪೂರ್ಣಿಮೆ ಕಳೆದು ಚಂದ್ರ ಇಳಿಯುತ್ತಿದ್ದ ಎರಡು ವಾರ, ಮರ ಕಡಿಯಲು ತಕ್ಕ ಕಾಲ, ಹೀಗೇ ಜಾರಿಹೋಯಿತು. ಆಗಸ್ಟಿನ ಒಂದು ಮಧ್ಯಾಹ್ನ ಹಳ್ಳದ ಆಚೆ ದಂಡೆಯಲ್ಲಿ ಅವನು ಅದನ್ನು ಕಂಡ. ದಪ್ಪ ಬುಡ, ಹಿಂದಕ್ಕೆ ಹೊರಳಿದ ಗಂಟು, ಮುಂದಕ್ಕೆ ಚಾಚಿದ ಒಂದು ಕವಲು. ಸಿಂಹ ಕತ್ತು ತಿರುಗಿಸಿ, ಒಂದು ಪಂಜ ಎತ್ತಿ ನಿಂತಿತ್ತು.

ತಲೆಯೆತ್ತಿದಾಗ ಪೂರ್ವದ ಆಕಾಶದಲ್ಲಿ, ಬಿಸಿಲಿನಲ್ಲೇ, ಚಂದ್ರ ಕಾಣಿಸಿದ. ಆರೇಳು ದಿನದ ಎಳೆ ಚಂದ್ರ, ಉಗುರಿನ ಬುಡದ ಬಿಳುಪಿನಂತೆ ಮಸುಕಾಗಿ.

ಹತ್ತು ದಿನ ಕಾದಿದ್ದರೆ ಸಾಕಿತ್ತು. ಕಾದಿದ್ದರೂ ಹಬ್ಬಕ್ಕೆ ಕೆಲಸ ಮುಗಿಯುತ್ತಿತ್ತು. ಅದು ಅವನಿಗೂ ಗೊತ್ತು. ಕೊಡಲಿಯನ್ನು ಕೆಳಗಿಟ್ಟು ಹಳ್ಳದವರೆಗೆ ನಡೆದ, ನೀರು ಕುಡಿದ, ಮರಳಿ ಬಂದ. ಮತ್ತೆ ಹೋದ, ಮತ್ತೆ ಬಂದ. ಇಷ್ಟು ದಿನ ಇಲ್ಲದ ಸಿಂಹ ಈಗ ಎದುರು ನಿಂತಿರುವಾಗ ಹತ್ತು ದಿನ ಮನೆಯಲ್ಲಿ ಹೇಗೆ ಕೂರುವುದು? ಆ ದಿನಗಳಲ್ಲಿ ಅದು ಹೊರಟುಹೋದರೆ? ಕೊನೆಗೆ ಅವನು ಚಂದ್ರನಿಗೆ ಬೆನ್ನು ಹಾಕಿ ನಿಂತು ಕೊಡಲಿ ಎತ್ತಿದ. ಮೊದಲ ಏಟಿಗೇ ಬುಡದಿಂದ ನೀರು ಚಿಮ್ಮಿ ಕೈ ಮೊಣಕೈವರೆಗೆ ತೊಯ್ದಿತು.

ಕೆತ್ತನೆ ಹನ್ನೆರಡೇ ದಿನದಲ್ಲಿ ಮುಗಿಯಿತು. ಅಷ್ಟು ಸರಾಗವಾಗಿ ಅವನ ಕೈ ಎಂದೂ ಓಡಿರಲಿಲ್ಲ. ಮಚ್ಚಿನಿಂದ ಒರಟು ಆಕಾರ, ಉಳಿಯಿಂದ ಪಕ್ಕೆಲುಬು, ಕುಡುಗೋಲಿನ ಹಳೆಯ ಚಾಕುವಿನಿಂದ ಕೇಸರದ ಒಂದೊಂದು ಎಳೆ. ಊರವರು ಒಬ್ಬೊಬ್ಬರಾಗಿ ಬಂದು ಬೇಲಿಯಾಚೆ ನಿಂತು ನೋಡಿ ಹೋದರು. ಗಿಟಾರಿನ ಮಾತು ಮತ್ತೆ ಯಾರೂ ಎತ್ತಲಿಲ್ಲ. ದೋನ್ ಎವರಿಸ್ತೊ ಟೋಪಿ ತೆಗೆದು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು.

"ಹಳೇದು ಮಲಗಿತ್ತಲ್ಲಪ್ಪ" ಎಂದರು. "ಇದು ಎಲ್ಲಿಗೋ ಹೊರಟ ಹಾಗಿದೆ."

"ಹೋಗಲ್ಲ ದೋನ್ ಎವರಿಸ್ತೊ. ನಿಲ್ಲುತ್ತೆ."

ಹಾಗೆ ಹೇಳುತ್ತ ಅವನು ಸಿಂಹದ ಆಚೆ ಬದಿಗೆ ಸರಿದ.

ಮೂರು ವಾರ ಸಿಂಹ ಜಗಲಿಯ ನೆರಳಿನಲ್ಲಿ ಒಣಗಿತು. ಹಬ್ಬಕ್ಕೆ ಎಂಟು ದಿನವಿರುವಾಗ, ಕೋಳಿಗಳೂ ಮಣ್ಣಿನಲ್ಲಿ ಮುದುಡಿಕೊಂಡ ನಡುಹಗಲಲ್ಲಿ, ಇಲಾರಿಯೊ ಅದರ ಪಕ್ಕದಲ್ಲಿ ಹಾದುಹೋಗುತ್ತಿದ್ದವನು ನಿಂತ. ಕಿರ್, ಕಿರ್. ನಿಂತಿತು. ಮತ್ತೆ ಕಿರ್. ಇಲಿ ಇರಬೇಕೆಂದು ಸೂರನ್ನು ನೋಡಿದ. ಬಳಿಕ ಮಂಡಿಯೂರಿ ಸಿಂಹದ ಪಕ್ಕೆಗೆ ಕಿವಿಯಿಟ್ಟ.

ಒಳಗೆ ಯಾರೋ ಉಣ್ಣುತ್ತಿದ್ದರು.

ಆ ದಿನ ಅವನು ಮರಳು ಕಾಗದ ಹಿಡಿದು ಸಿಂಹವನ್ನು ಉಜ್ಜಿದ, ಮರುದಿನವೂ ಉಜ್ಜಿದ. ಎದ್ದ ಹುಡಿಯನ್ನು ಊದಿದ, ಸೂಜಿಮೊನೆಯಷ್ಟು ತೂತುಗಳಿಗೆ ಮೇಣ ಮೆತ್ತಿದ. ಮೂರನೆಯ ದಿನ ಒತೀಲಿಯಾ ಬಣ್ಣ ಕಲಸಿಕೊಂಡು ಬಂದು ಸಿಂಹದ ಪಕ್ಕ ಕೂತಳು. ಎದ್ದಾಗ ಅವಳ ಕಪ್ಪು ಲಂಗದ ಮೇಲೆ ಹಿಟ್ಟು ಚೆಲ್ಲಿದ ಹಾಗಿತ್ತು. ಅವಳು ಅದನ್ನು ಬೆರಳಲ್ಲಿ ತಿಕ್ಕಿ ನೋಡಿದಳು.

"ಇದು ಉಜ್ಜಿದ ಹುಡಿ ಅಲ್ಲ" ಎಂದಳು.

ಅವನು ಮೇಣದ ಉಂಡೆಯನ್ನು ಜೇಬಿಗೆ ಹಾಕಿಕೊಂಡ.

"ಯಾವ ಚಂದ್ರನಲ್ಲಿ ಕಡಿದೆ?"

ಅವನು ಅಂಗಳದ ಆ ತುದಿಗೆ ನಡೆದ. ಈ ತುದಿಗೆ ಬಂದ.

"ನಿಂತ್ಕೊಂಡು ಹೇಳು ಮಾರಾಯ. ಒಂದು ಸಲ, ನಿಂತ್ಕೊಂಡು."

"ಎಳೇದರಲ್ಲಿ" ಎಂದ ಇಲಾರಿಯೊ. "ಗೊತ್ತಿದ್ದೂ ಕಡಿದೆ."

ಒತೀಲಿಯಾ ಬಣ್ಣದ ಬಟ್ಟಲುಗಳಿಗೆ ಮುಚ್ಚಳ ಹಾಕಿದಳು. ಚಿಕ್ಕ ಪ್ರಾಣಿಗಳಿಗೆ ಹುಳು ಬಿದ್ದರೆ ಊರಿನಲ್ಲಿ ಎರಡು ದಾರಿ. ಪೆಟ್ರೋಲಿನಲ್ಲಿ ಅದ್ದುವುದು ಒಂದು. ಆದರೆ ಮೆರವಣಿಗೆಯಲ್ಲಿ ಸುತ್ತಲೂ ಮೇಣದ ಬತ್ತಿಯಿರುವ ಸಿಂಹಕ್ಕೆ ಅದು ಆಗದು. ಇನ್ನೊಂದು, ಬಿಸಿ. ಮೊಲವಾದರೆ ರೊಟ್ಟಿ ಕಾಯಿಸುವ ಹಂಚಿನ ಪಕ್ಕದಲ್ಲಿಟ್ಟರೂ ಸಾಕು. ಸಿಂಹ ಕರುವಿನಷ್ಟಿತ್ತು.

"ಕಸಿಲ್ಡಾ ಹತ್ರ ಹೋಗು" ಎಂದಳು.

ಗುಮ್ಮಟದಂಥ ದೊಡ್ಡ ಮಣ್ಣಿನ ಒಲೆಯಲ್ಲಿ ಊರಿಗೆಲ್ಲ ಬ್ರೆಡ್ ಸುಡುವವಳು ಕಸಿಲ್ಡಾ. ಇಲಾರಿಯೊನ ಮಗಳ ಜ್ಞಾನಸ್ನಾನದಂದು ಮಗುವನ್ನು ಎತ್ತಿ ಹಿಡಿದವಳು ಅವಳೇ. ಅಂದಿನಿಂದ ಅವಳು ಅವನಿಗೆ ಕೊಮಾದ್ರೆ, ಅವನು ಅವಳಿಗೆ ಕೊಂಪಾದ್ರೆ; ಆ ನಂಟಿನಲ್ಲಿ ಕೇಳಿದ್ದಕ್ಕೆ ಇಲ್ಲ ಎನ್ನುವಂತಿಲ್ಲ. ಬೈಯಬಾರದೆಂಬ ನಿಯಮವೇನೂ ಇಲ್ಲ.

"ಹಬ್ಬಕ್ಕೆ ಇನ್ನು ಆರು ದಿನ, ನಾಳೆಯಿಂದ ನಾನು ಊರಿಗೆಲ್ಲ ಬ್ರೆಡ್ ಹಾಕಬೇಕು, ಈಗ ಬಂದು ಸಿಂಹಾನ ಸುಟ್ಟುಕೊಡು ಅಂತೀರಾ ಕೊಂಪಾದ್ರೆ? ಎಳ್ಳು ಉದುರಿಸಲಾ ಮೇಲೆ?"

"ಸುಡೋದಲ್ಲ ಕೊಮಾದ್ರೆ. ಬಿಸಿ ತಾಗಿಸೋದು."

"ನಿಮ್ಮಪ್ಪ ಹೇಳಿಕೊಟ್ಟಿದ್ದೇ ಒಂದು ಮಾತು. ಅದನ್ನೂ ಕೇಳಲಿಲ್ಲ ನೀವು."

ಅವನು ತಲೆ ತಗ್ಗಿಸಿದ. ಕಸಿಲ್ಡಾ ಲಂಗಕ್ಕೆ ಕೈ ಒರೆಸಿ ನಿಟ್ಟುಸಿರು ಬಿಟ್ಟಳು. "ತನ್ನಿ. ಆದರೆ ಒಂದು ಮಾತು. ಸಂತರು ಇಗರ್ಜಿಯ ಹೊಸ್ತಿಲು ದಾಟೋ ಮೊದಲು ನೀವೇ ದೋನ್ ಎವರಿಸ್ತೊಗೆ ನಿಜ ಹೇಳಬೇಕು. ನಾನು ಸುಳ್ಳಿಗೆ ಒಲೆ ಹಚ್ಚೋದಿಲ್ಲ."

ಮರುದಿನ ಬೆಳಗಿನ ಬ್ರೆಡ್ ಹೊರಬಂದ ಮೇಲೆ ಅವಳು ಒಲೆಯೊಳಗೆ ಕೈ ಚಾಚಿ ಮಾತೆಯ ಜಪ ಹೇಳತೊಡಗಿದಳು. ಜಪ ಮುಗಿಯುವವರೆಗೆ ಕೈ ತಡೆದರೆ ಬಿಸಿ ಹದವಾಗಿದೆ ಎಂದರ್ಥ. ಮೊದಲ ಸಲ ಅರ್ಧಕ್ಕೇ ಕೈ ಎಳೆದುಕೊಂಡಳು. ಇನ್ನಷ್ಟು ಹೊತ್ತು ಬಿಟ್ಟು ಮತ್ತೆ ಚಾಚಿದಳು, ಆಮೆನ್ ತನಕ ಹೇಳಿದಳು. ಇಲಾರಿಯೊ, ಒತೀಲಿಯಾ ಸಿಂಹವನ್ನು ಕಂಬಳಿಯಲ್ಲಿ ಹೊತ್ತು ತಂದರು. ತಲೆ ಒಳಗೆ ಹೋಯಿತು. ಎತ್ತಿದ ಪಂಜ ಒಲೆಯ ಬಾಯಿಗೆ ತಗುಲಿ ನಿಂತಿತು. ಓರೆ ಮಾಡಿದರು, ಹಿಂದುಮುಂದು ಮಾಡಿದರು, ಹೋಗಲಿಲ್ಲ.

ಇಲಾರಿಯೊ ಗರಗಸ ತಂದ. ಪಂಜವನ್ನು ಕೊಯ್ದು ಆಮೇಲೆ ಅಂಟಿಸಬಹುದಿತ್ತು, ಬೇರೆಯವರೆಲ್ಲ ಹಾಗೆಯೇ ಮಾಡುತ್ತಾರೆ. ಗರಗಸದ ಹಲ್ಲು ಮರಕ್ಕೆ ತಾಗಿಸಿದ. ತಾಗಿಸಿ ಹಾಗೇ ನಿಂತ. ಅವನು ಅಷ್ಟು ಹೊತ್ತು ಅಲುಗಾಡದೆ ನಿಂತದ್ದನ್ನು ಹೆಂಗಸರಿಬ್ಬರೂ ಮೊದಲ ಸಲ ಕಂಡರು.

"ಸರೀರಿ ಅತ್ಲಾಗೆ" ಎಂದಳು ಕಸಿಲ್ಡಾ. ಸೌದೆ ಒಡೆಯುವ ಕೊಡಲಿಯ ಹಿಂಬದಿಯಿಂದ ಒಲೆಯ ಬಾಯಿಗೆ ಎರಡೇಟು ಹಾಕಿದಳು. ಮೂರು ಮಣ್ಣಿಟ್ಟಿಗೆ ಕಳಚಿ ಬಿದ್ದವು. "ಒಲೆ ನಂದು. ಸಾಯಂಕಾಲ ಮಣ್ಣು ಮೆತ್ತಿದ್ರೆ ಆಯ್ತು. ಪಂಜಾನ ಯಾವ ಮಣ್ಣಲ್ಲಿ ಮೆತ್ತೋದು?"

ಸಿಂಹ ಒಳಗೆ ಹೋಯಿತು. ಒಡೆದ ಬಾಯಿಗೆ ತಗಡು, ಒದ್ದೆ ಗೋಣಿ ಮುಚ್ಚಿದರು. ಇಲಾರಿಯೊ ಒಲೆಯ ಸುತ್ತ ತಿರುಗತೊಡಗಿದ.

"ಕೂತ್ಕೊಳ್ಳಿ ಕೊಂಪಾದ್ರೆ. ನೀವು ಸುತ್ತಿದ್ರೆ ಹುಳ ಬೇಗ ಸಾಯಲ್ಲ."

"ಏನಾದ್ರೂ ಕೇಳಿಸ್ತಾ ಇದೆಯಾ?"

"ನಿಮ್ಮ ಚಪ್ಪಲಿ ಕೇಳಿಸ್ತಿದೆ."

ಧೂಪದ ವಾಸನೆ ಎದ್ದಿತು. ಮೊದಲು ಹಿತವಾಗಿ, ಬಳಿಕ ಇಡೀ ಬೀದಿ ತುಂಬುವಷ್ಟು. ಪಕ್ಕದ ಮನೆಯ ಮುದುಕಿ ಯಾರು ಹೋದರೋ ಎಂದು ಶಿಲುಬೆಯ ಗುರುತು ಹಾಕಿಕೊಳ್ಳುತ್ತ ಹೊರಬಂದಳು. ಆಗಲೇ ಒಳಗಿನಿಂದ ಪಟ್ ಎಂದು ಒಂದು ಸದ್ದು ಬಂತು. ಇಲಾರಿಯೊ ತಗಡಿಗೆ ಕೈ ಹಾಕಿದ. ಒತೀಲಿಯಾ ಅವನ ರಟ್ಟೆ ಹಿಡಿದಳು. "ಪೂರ್ತಿ ಆಗಲಿ. ಒಂದು ಸಲವಾದ್ರೂ ಪೂರ್ತಿ ಆಗಲಿ ಬಿಡು."

ಮಧ್ಯಾಹ್ನ ಹೊರತೆಗೆದಾಗ ಸಿಂಹ ಬ್ರೆಡ್ಡಿನ ಹೊರಪದರದ ಬಣ್ಣಕ್ಕೆ ತಿರುಗಿತ್ತು. ಮೈತುಂಬ ಅಂಟಿನ ಬೆವರು. ಕತ್ತಿನಿಂದ ಎದೆಯವರೆಗೆ ಒಂದು ಬಿರುಕು, ಕಿರುಬೆರಳು ಹೋಗುವಷ್ಟು. ಇಲಾರಿಯೊ ಬಿರುಕನ್ನು ನೋಡುವ ಮೊದಲು ಪಕ್ಕೆಗೆ ಕಿವಿಯಿಟ್ಟು ಕೇಳಿದ. ಒಳಗೆ ಸದ್ದಿರಲಿಲ್ಲ.

ಬಿರುಕಿಗೆ ಚಕ್ಕೆ ಹೊಡೆಯಬೇಕು. ಹಸಿ ಮರದ ಚಕ್ಕೆ ಕುಗ್ಗಿ ಬಿದ್ದುಹೋಗುತ್ತದೆ. ಹಳೆಯ, ಗಟ್ಟಿ ಮರವೇ ಬೇಕು. ಅವನು ಮನೆಯ ಒಳಗೆ ಹೊರಗೆ ಓಡಾಡಿದ. ಜಗಲಿಯ ಕಂಬ ತಟ್ಟಿದ, ಪೆಟ್ಟಿಗೆಯ ಮುಚ್ಚಳ ತಟ್ಟಿದ. ಕೊನೆಗೆ ಗೋಡೆಯ ಮುಂದೆ ನಿಂತು ನೊಗವನ್ನು ಕೆಳಗಿಳಿಸಿದ. ನಲವತ್ತೊಂದು ವರ್ಷವಾಗಿತ್ತು. ಒಂದು ತೂತಿರಲಿಲ್ಲ. ತುದಿಯ ಪುಟ್ಟ ಮುಖದ ಬಾಯಲ್ಲಿ ಜೇಡ ಬಲೆ ಕಟ್ಟಿತ್ತು, ಅಷ್ಟೇ.

ಇನ್ನೊಂದು ತುದಿಯಿಂದ ಅವನು ಉದ್ದಕ್ಕೆ ಒಂದು ಚಕ್ಕೆ ಸೀಳಿ, ಚೂಪು ಮಾಡಿ, ಕೊಡತಿಯಿಂದ ಮೆಲ್ಲಗೆ ಬಡಿದು ಬಿರುಕಿಗೆ ಕೂರಿಸಿದ. ಅಂಟು ಬೇಕಾಗಲಿಲ್ಲ. ಅವನ ಕೈಯಿಂದ ಬಂದ, ಎರಡು ಮರದ ಮೊದಲ ಪ್ರಾಣಿ ಅದು. ಒತೀಲಿಯಾ ಎರಡು ದಿನ ಕೂತು ಬಣ್ಣ ಹಚ್ಚಿದಳು. ಮೈಗೆಲ್ಲ ಹಳದಿ ಬಳಿದಳು, ಚಕ್ಕೆಯ ಮೇಲೆ ಮಾತ್ರ ಏನೂ ಬಳಿಯಲಿಲ್ಲ. ಯಾಕೆಂದು ಅವನು ಕೇಳಲಿಲ್ಲ.

ಹಬ್ಬದ ಬೆಳಿಗ್ಗೆ ಊರವರು ಇಗರ್ಜಿಯ ಅಂಗಳದಲ್ಲಿ ನೊರೆ ಎಬ್ಬಿಸಿದ ಚಾಕಲೇಟಿಗೆ ಬ್ರೆಡ್ ಅದ್ದಿ ತಿನ್ನುತ್ತಿದ್ದರು.

"ಈ ಸಲ ಬ್ರೆಡ್ ಯಾಕೋ ಪೂಜೆ ವಾಸನೆ ಹೊಡೀತಿದೆಯಲ್ಲ" ಎಂದ ಒಬ್ಬ.

"ತಿಂದ್ರೆ ಪಾಪ ಕಳೆಯುತ್ತೇನೋ. ನಿಂಗೆ ಎರಡು ಜಾಸ್ತಿ ಹಾಕಿಸ್ಕೋ."

ಕಸಿಲ್ಡಾ ದೂರದಿಂದ ಇಲಾರಿಯೊನನ್ನೇ ನೋಡುತ್ತಿದ್ದಳು. ಒಳಗೆ ಎಂಟು ಮಂದಿ ಸಂತನ ಅಡ್ಡೆಗೆ ಹೆಗಲು ಕೊಡಲು ಸಿದ್ಧರಾಗಿದ್ದರು. ಸಂತನ ಪಾದದ ಬಳಿ ಸಿಂಹ ಪಂಜ ಎತ್ತಿ, ಕತ್ತು ತಿರುಗಿಸಿ ನಿಂತಿತ್ತು. ಬ್ಯಾಂಡಿನವರು ತುತ್ತೂರಿ ಒರೆಸಿಕೊಳ್ಳುತ್ತಿದ್ದರು. ಇಲಾರಿಯೊ ಹೊಸ್ತಿಲಿಗೆ ಅಡ್ಡ ಬಂದು ನಿಂತ.

"ದೋನ್ ಎವರಿಸ್ತೊ, ಒಂದು ನಿಮಿಷ. ಈ ಮರಾನ ನಾನು ಎಳೇ ಚಂದ್ರನಲ್ಲಿ ಕಡಿದೆ. ಅವಸರಕ್ಕೆ. ಹುಳ ಬಿದ್ದಿತ್ತು. ಒಲೇಲಿಟ್ಟು ತೆಗೆದಿದೀನಿ. ಈಗ ಸುಮ್ಮನಿದೆ. ಮುಂದೆ ಹೇಗೋ ಗೊತ್ತಿಲ್ಲ. ಮೊಮ್ಮಕ್ಕಳ ಕಾಲಕ್ಕೆ ನಿಲ್ಲುತ್ತೆ ಅಂತ ನಾನು ಹೇಳೋ ಹಾಗಿಲ್ಲ."

ಬ್ರೆಡ್ ತಿನ್ನುತ್ತಿದ್ದವನು ಕೈಯಲ್ಲಿದ್ದ ತುಂಡನ್ನು ಮೂಸಿ ನೋಡಿದ. ದೋನ್ ಎವರಿಸ್ತೊ ಸಿಂಹದ ಹತ್ತಿರ ಬಗ್ಗಿ, ಎದೆಯ ಬಣ್ಣವಿಲ್ಲದ ಚಕ್ಕೆಯ ಮೇಲೆ ಬೆರಳಾಡಿಸಿದರು.

"ಇದು ಯಾವ ಮರ?"

"ಅಪ್ಪನ ನೊಗ."

"ಸಬಾಸ್ ಕಡಿದಿದ್ದು."

"ಹೌದು."

ಅವರು ನೆಟ್ಟಗೆ ನಿಂತರು. "ಸಂತರಿಗೆ ಕೊಟ್ಟಿದ್ದನ್ನ ಹಿಂದಕ್ಕೆ ತಗೊಳ್ಳೋದು ನಮ್ಮಲ್ಲಿಲ್ಲ. ಕೊಟ್ಟೋನೇ ನೋಡ್ಕೋಬೇಕು. ಇನ್ನು ಮೇಲೆ ಪ್ರತಿ ವರ್ಷ ಹಬ್ಬಕ್ಕೆ ಮೊದಲು ನೀನೇ ಬಂದು ಕಿವಿ ಕೊಟ್ಟು ಕೇಳು. ಕೇಳಿಸಿದ್ರೆ ಒಲೆ. ನಿನ್ನ ಕೈಕಾಲು ನಡೆಯೋವರೆಗೆ ಇದೇ ನಿನ್ನ ಊರ ಸೇವೆ." ಅಡ್ಡೆಯವರಿಗೆ ಕೈಸನ್ನೆ ಮಾಡಿ, "ಈಗ ದಾರಿ ಬಿಡು. ನಿನ್ನ ಸಿಂಹಕ್ಕೂ ನಿನ್ನ ಹಾಗೇ ಕಾಯೋ ಬುದ್ಧಿ ಇದ್ದಂಗಿಲ್ಲ" ಎಂದರು.

ಮೆರವಣಿಗೆಯುದ್ದಕ್ಕೂ ಇಲಾರಿಯೊ ಅಡ್ಡೆಯ ಪಕ್ಕದಲ್ಲೇ ನಡೆದ. ಪಟಾಕಿ, ತುತ್ತೂರಿ, ಗಂಟೆ. ಅಷ್ಟು ಗದ್ದಲದ ನಡುವೆಯೂ ಅವನ ಕಿವಿ ಒಂದೇ ಸದ್ದನ್ನು ಹುಡುಕುತ್ತಿತ್ತು.

ಅದಾಗಿ ಹತ್ತೊಂಬತ್ತು ವರ್ಷ. ಆ ಹಬ್ಬ ಮುಗಿದ ಮೇಲೆ ಅವನು ಚಂದ್ರ ಇಳಿಯುವವರೆಗೂ ಹೇಗೋ ಕಾದು, ಇನ್ನೊಂದು ಮರ ಕಡಿದು ತಂದ. ತಪ್ಪಿಲ್ಲದ ಎರಡನೆಯ ಸಿಂಹ ಮಾಡಿಡಬೇಕೆಂದು. ಆ ಮರ ನಡುವೆಯೇ ಆಡಾಯಿತು. ಮುಂದಿನ ವರ್ಷದ್ದು ಮೀನಾಯಿತು. ಅದರ ಮುಂದಿನದು ಬಹಳ ದಿನ ಸಿಂಹವಾಗಿಯೇ ಇದ್ದು, ಕೊನೆಗೆ ಕುದುರೆಯಾಗಿ ಮಂಗಳವಾರದ ಬಸ್ಸು ಹತ್ತಿತು. ಇಗರ್ಜಿಯಲ್ಲಿ ಇಂದಿಗೂ ಇರುವುದು ಮೊದಲನೆಯದೇ. ಕಿವಿಯ ತುದಿ ಹೋಗಿದೆ, ಬೆನ್ನಲ್ಲಿ ಮೂರು ಹೊಸ ಬಿರುಕು. ಪ್ರತಿ ಸಲ ಬಿಸಿಗೆ ಬಣ್ಣ ಬೊಕ್ಕೆ ಎದ್ದು ಉದುರುತ್ತದೆ, ಒತೀಲಿಯಾ ಮತ್ತೆ ಹಚ್ಚುತ್ತಾಳೆ. ಹಾಗಾಗಿ ಲಾಚಿಬೀಯ ಸಿಂಹ ಒಂದು ವರ್ಷ ಹಳದಿ, ಒಂದು ವರ್ಷ ಕಿತ್ತಳೆ, ಒಮ್ಮೆ ಅವಳಿಗೆ ಗಂಡನ ಮೇಲೆ ಸಿಟ್ಟಿದ್ದಾಗ ನೀಲಿ. ಬಿರುಕುಗಳಿಗೆ ಚಕ್ಕೆ ಕೊಟ್ಟು ಕೊಟ್ಟು ನೊಗ ಮೊಳದುದ್ದ ಉಳಿದಿದೆ. ಅದು ಗೋಡೆಯ ಮೇಲಿದೆ, ಮುಖ ಈಚೆಗೆ. ಕಸಿಲ್ಡಾಳ ಒಲೆಯ ಬಾಯಿಯನ್ನು ಯಾರೂ ಮತ್ತೆ ಕಿರಿದು ಮಾಡಲಿಲ್ಲ. ಹಬ್ಬದ ಬ್ರೆಡ್ಡಿಗೆ ಆ ವಾಸನೆ ಇಲ್ಲದಿದ್ದರೆ ಈಗ ಊರವರು ಹಬ್ಬವೇ ಅಲ್ಲ ಎನ್ನುತ್ತಾರೆ.

ಈ ಸೆಪ್ಟೆಂಬರಿನಲ್ಲೂ ಇಲಾರಿಯೊ ಹೋದ. ಎಪ್ಪತ್ತೊಂದರ ಮಂಡಿ ಮಡಚಲು ಒಲ್ಲದು; ಅಡ್ಡೆಗೆ ಆನಿಕೊಂಡು ಬಗ್ಗಿ ಸಿಂಹದ ಪಕ್ಕೆಗೆ ಕಿವಿಯಿಟ್ಟ. ಬಾಗಿಲಲ್ಲಿ ಕೋಲೂರಿ ನಿಂತಿದ್ದ ಕಸಿಲ್ಡಾ ಕಾದಳು.

"ಏನಂತಾನೆ?"

"ಏನೂ ಇಲ್ಲ ಕೊಮಾದ್ರೆ. ತಣ್ಣಗಿದಾನೆ."

"ಹಂಗಾದ್ರೆ ಈ ಸಲ ಒಲೆ ಬೇಡ ಅನ್ನಿ."

ಇಲಾರಿಯೊ ಎದ್ದ. ಬಾಗಿಲವರೆಗೆ ನಡೆದ, ತಿರುಗಿ ನೋಡಿದ. ಸಿಂಹವೂ ಕತ್ತು ಹೊರಳಿಸಿ ಅವನನ್ನೇ ನೋಡುತ್ತಿತ್ತು, ಪಂಜ ಎತ್ತಿ.

"ಹಚ್ಚಿ, ಒಲೆ ಹಚ್ಚಿ" ಎಂದ.